ಹಳೇ ಡೀಸೆಲ್ ಪಿಕಪ್: ಸೆಲ್ಫ್ ಹೊಡೀತದ, ಗಾಡಿ ಚಾಲೂ ಆಗವಲ್ದು. ಪಂಪ್ ಬಿಚ್ಚಿಸಬೇಕಾ?

ಬೇಡ. ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಆ ಪಂಪನ್ನು ಇವತ್ತಂತೂ ಬಿಚ್ಚಿಸಬೇಡಿ.

ನೀವು ಬರೆದದ್ದು ಇಷ್ಟು: ಭಾಲ್ಕಿ ಕಡೆಯ ಹಳ್ಳಿ, 15 ವರ್ಷ ದಾಟಿದ ಡೀಸೆಲ್ ಪಿಕಪ್. ರಾತ್ರಿ ಹೊಲದ ದಾರಿಯಲ್ಲಿ ಏರಿಗೆ ಮೂತಿ ಮಾಡಿ ನಿಲ್ಲಿಸಿದ್ದಿರಿ. ಬೆಳಿಗ್ಗೆ ಸೆಲ್ಫ್ ಭರ್ಜರಿ ತಿರುಗುತ್ತಿದೆ, ಎಂಜಿನ್ ಮಾತ್ರ ಹಿಡಿಯುತ್ತಿಲ್ಲ. ಮಿಸ್ತ್ರಿ ಬಂದು ಎರಡು ಸಲ ಚಾವಿ ತಿರುವಿ, "ಪಂಪ್ ಹೋಗ್ಯಾದ, ಬಿಚ್ಚಿ ಕಲಬುರಗಿಗೆ ಕಳಸ್ಬೇಕು, 20 ಸಾವಿರ ಹಿಡೀರಿ" ಅಂದಿದ್ದಾನೆ. ನಾಡಿದ್ದು ತೊಗರಿ ಗಂಜಿಗೆ (ಮಾರುಕಟ್ಟೆಗೆ) ಹಾಕಬೇಕು, ಕೈಯಲ್ಲಿ ಅಷ್ಟು ದುಡ್ಡಿಲ್ಲ.

ನಾನು ಚಿತ್ತಾಪುರ, ಸೇಡಂ ಕಡೆಯಿಂದ ಕಲಬುರಗಿ ಗಂಜಿಗೆ ತೊಗರಿ ಹೊಡೆಯುವವನು. ಬೇಸಿಗೆಯಲ್ಲಿ ಶಹಾಬಾದ್ ಕಲ್ಲು. ನಿಮ್ಮ ಪ್ರಶ್ನೆ ಓದುವಾಗ ಹೊಟ್ಟೆಯಲ್ಲಿ ಸಂಕಟವಾಯಿತು, ಯಾಕೆಂದರೆ ಇದೇ ಮಾತನ್ನು ನಂಬಿ ನಾನು 18 ಸಾವಿರ ರೂಪಾಯಿ ಕಳೆದುಕೊಂಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಗಾಡಿ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಸುಮಾರು ಹದಿನೆಂಟರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ, ಆ ಹೊತ್ತಿಗೆ ಸರಿಯಾಗಿ ನೋಜಲ್ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅಂದರೆ ಬೇಕಾದದ್ದು ಮೂರು: ಜೋರು ತಿರುಗುವಿಕೆ, ಒತ್ತಡ, ಡೀಸೆಲ್. ನಿಮ್ಮ ಸೆಲ್ಫ್ ಜೋರಾಗಿದೆ, ಮೊದಲನೆಯದು ಮುಗಿಯಿತು. ನಿನ್ನೆ ಸಂಜೆ ಲೋಡ್ ಎಳೆದುಕೊಂಡು ಬಂದ ಎಂಜಿನ್ನಿನ ಒತ್ತಡ ರಾತ್ರೋರಾತ್ರಿ ಹೋಗುವುದು ಅಪರೂಪ. ಅದು ವರ್ಷಗಟ್ಟಲೆ ಸವೆದು ಹೋಗುವಂಥದ್ದು. ಪಂಪೂ ಹಾಗೇ. ಸಾಯುವ ಮುಂಚೆ ತಿಂಗಳುಗಟ್ಟಲೆ ಸೂಚನೆ ಕೊಡುತ್ತದೆ: ಬಿಸಿಯಿದ್ದಾಗ ಚಾಲೂ ಆಗಲು ತಕರಾರು, ಏರಿನಲ್ಲಿ ಎಳೆತ ಕಡಿಮೆ, ಪಂಪಿನ ಸುತ್ತ ಒದ್ದೆ. ಇದ್ಯಾವುದನ್ನೂ ನೀವು ಬರೆದಿಲ್ಲ. ಹಾಗಾದರೆ ಉಳಿದದ್ದು ಡೀಸೆಲ್. ಅದು ಟ್ಯಾಂಕಿನಿಂದ ನೋಜಲ್‌ವರೆಗೆ ಬರುತ್ತಿದೆಯೋ, ದಾರಿಯಲ್ಲಿ ಎಲ್ಲೋ ನಿಂತಿದೆಯೋ, ಅಷ್ಟೇ ಹುಡುಕಬೇಕು.

ಅದನ್ನು ಹೊಗೆಯೇ ಹೇಳುತ್ತದೆ. ಒಬ್ಬರನ್ನು ಸೈಲೆನ್ಸರ್ ಹಿಂದೆ ನಿಲ್ಲಿಸಿ, ನೀವು 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಹತ್ತೇ. ಆಮೇಲೆ ಒಂದು ನಿಮಿಷ ಬಿಡಿ. ಬಿಡದೆ ಹೊಡೆದರೆ ಸೆಲ್ಫ್ ಮೋಟರ್ ಸುಡುತ್ತದೆ, ಬ್ಯಾಟರಿ ಕೂರುತ್ತದೆ, ಒಂದಿದ್ದ ತೊಂದರೆ ಮೂರಾಗುತ್ತದೆ. ಹೊಗೆಯೇ ಇಲ್ಲವೆಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬಂದು ಹಸಿ ಡೀಸೆಲ್ ವಾಸನೆ ಹೊಡೆದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಈ ಎರಡಕ್ಕೆ ದಾರಿ ಬೇರೆ ಬೇರೆ. ನಿಮ್ಮದು ಮೊದಲನೆಯದು ಅಂತ ನನ್ನ ಅಂದಾಜು.

ಹೊಗೆಯಿಲ್ಲ ಅಂದರೆ ಪಾನಾ ಹಿಡಿಯುವ ಮುಂಚೆ ಕಣ್ಣಿನಲ್ಲೇ ನೋಡಬೇಕಾದ್ದು ಎರಡಿದೆ. ಎಂಜಿನ್ ಬಂದ್ ಮಾಡಲು ಎಳೆಯುವ ಕೇಬಲ್ ಇರುವ ಗಾಡಿಯಾದರೆ ಬಾನೆಟ್ ಎತ್ತಿ ಪಂಪಿನ ಪಕ್ಕದ ಆ ಸಣ್ಣ ಲಿವರ್ ನೋಡಿ. ಧೂಳು ಕೂತು ಕೇಬಲ್ ಒಣಗಿದರೆ ಕ್ಯಾಬಿನ್ ಒಳಗಿನ ಎಳೆಯುವ ಗುಬ್ಬಿ ವಾಪಸು ಹೋದಂತೆ ಕಂಡರೂ ಲಿವರ್ ಬಂದ್ ಆದ ಜಾಗದಲ್ಲೇ ಕೂತಿರುತ್ತದೆ. ಬೆರಳಿನಲ್ಲಿ ತಳ್ಳಿದರೆ ಮುಗಿಯಿತು, ಒಂದು ರೂಪಾಯಿ ಖರ್ಚಿಲ್ಲ. ಚಾವಿಯಲ್ಲೇ ಬಂದ್ ಆಗುವ ಗಾಡಿಯಾದರೆ ಪಂಪಿನ ಮೇಲೆ ಒಂದು ವೈರ್ ಹೋಗುವ, ಕರೆಂಟ್ ಬಂದಾಗ ಡೀಸೆಲ್ ದಾರಿ ತೆರೆಯುವ ಸೊಲೆನಾಯ್ಡ್ ಇರುತ್ತದೆ. ಯಾರಿಗಾದರೂ ಚಾವಿ ಆನ್ ಮಾಡಲು ಹೇಳಿ ಕಿವಿ ಹತ್ತಿರ ಇಡಿ, "ಟಕ್" ಅನ್ನಬೇಕು. ಅನ್ನದಿದ್ದರೆ ಫ್ಯೂಸ್ ನೋಡಿ, ಆ ವೈರಿನ ತುದಿ ಸಡಿಲಾಗಿದೆಯೇ ನೋಡಿ, ಟೆಸ್ಟ್ ಲೈಟ್ ಹಚ್ಚಿ ಕರೆಂಟ್ ಬರುತ್ತಿದೆಯೇ ನೋಡಿ. ರಾಶಿ ಕಾಲದಲ್ಲಿ ಹೊಲದಲ್ಲಿ ನಿಂತ ಗಾಡಿಯ ವೈರನ್ನು ಇಲಿ ಕಡಿಯುವುದು ಹೊಸದೇನಲ್ಲ.

ಆಮೇಲೆ ಟ್ಯಾಂಕ್. ಡೀಸೆಲ್ ಮೀಟರಿನ ಮುಳ್ಳು ನಂಬಬೇಡಿ, ಹಳೇ ಗಾಡಿಯ ಮುಳ್ಳು ಸುಳ್ಳು ಹೇಳುತ್ತದೆ. ಏರಿಗೆ ನಿಂತ ಗಾಡಿಯಲ್ಲಿ ಡೀಸೆಲ್ ಕಡಿಮೆಯಿದ್ದರೆ ಒಂದು ಮೂಲೆಗೆ ಸರಿದು, ಹೀರುವ ಪೈಪಿಗೆ ಸಿಗದೆಯೂ ಹೋಗುತ್ತದೆ. 5 ಲೀಟರ್ ತಂದು ಹಾಕಿ. ಮುಚ್ಚಳ ತೆಗೆಯುವಾಗ "ಉಸ್" ಅಂತ ಗಾಳಿ ಎಳೆದುಕೊಂಡರೆ ಮುಚ್ಚಳದ ಗಾಳಿಕಂಡಿ ಕಟ್ಟಿದೆ, ಅದನ್ನು ಬಿಡಿಸಿ.

ಇಷ್ಟರಲ್ಲಿ ಸಿಗದಿದ್ದರೆ ಹೆಚ್ಚಾಗಿ ಏರ್ ಹಿಡಿದಿರುತ್ತದೆ, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿರುತ್ತದೆ. ನಾನು ಹೆಚ್ಚು ಹೇಳಬೇಕಿರುವುದು ಇದನ್ನೇ.

ಮೂರು ವರ್ಷದ ಹಿಂದೆ ರಾಶಿ ಕಾಲ. ಕಮಲಾಪುರದ ಹತ್ತಿರ ಒಂದು ಏರಿನಲ್ಲಿ ರಾತ್ರಿ ಗಾಡಿ ನಿಲ್ಲಿಸಿದ್ದೆ, ನಿಮ್ಮ ಹಾಗೇ ಮೂತಿ ಮೇಲೆ. ಬೆಳಿಗ್ಗೆ ಸೆಲ್ಫ್ ಹೊಡೀತದ, ಹೊಗಿ ಇಲ್ಲ. ಮಿಸ್ತ್ರಿ ಪಂಪ್ ಅಂದ. ಬಿಚ್ಚಿದರು, ಕಳಿಸಿದರು, ನಾಲ್ಕು ದಿನ ಕಾದೆ, 18 ಸಾವಿರ ಕೊಟ್ಟೆ. ಕೂಡಿಸಿದ ದಿನ ಗಾಡಿ ಒಂದೇ ಏಟಿಗೆ ಚಾಲೂ ಆಯಿತು, ಯಾಕೆಂದರೆ ಪಂಪ್ ಕೂಡಿಸುವಾಗ ಏರ್ ತೆಗೆದೇ ಕೂಡಿಸಿರುತ್ತಾರೆ. ಮೂರನೇ ದಿನ ಬೆಳಿಗ್ಗೆ ಮತ್ತೆ ಅದೇ ಕತೆ. ಅವತ್ತು ಗಂಜಿನೊಳಗೆ ಅಡತಿ ಅಂಗಡಿ ಮುಂದೆ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಒಬ್ಬ ವಯಸ್ಸಾದ ಡ್ರೈವರ್ ಬಂದು ಕೇಳಿದ್ದು ಒಂದೇ ಮಾತು: "ರಾತ್ರಿ ಗಾಡಿ ಮೂತಿ ಯಾ ಕಡಿ ಇತ್ತು?"

ಅವರು ಪಕ್ಕದ ಕಟ್ಟಡದ ಗೌಂಡಿಗಳ ಹತ್ತಿರ ಹೋಗಿ ನೀರಿನ ಲೆವೆಲ್ ಪೈಪಿನ ಒಂದು ಮೊಳ ತುಂಡು ಇಸಕೊಂಡು ಬಂದರು. ಟ್ಯಾಂಕಿನಿಂದ ಬರುವ ಕಬ್ಬಿಣದ ಪೈಪಿಗೂ, ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಸಣ್ಣ ಫೀಡ್ ಪಂಪಿಗೂ ನಡುವೆ ಇದ್ದ ರಬ್ಬರ್ ಪೈಪಿನ ಫೀಡ್ ಪಂಪಿನ ಕಡೆಯ ತುದಿ ಬಿಚ್ಚಿ, ಆ ಪಾರದರ್ಶಕ ತುಂಡನ್ನು ಅಲ್ಲಿ ಸೇರಿಸಿದರು. ಹ್ಯಾಂಡ್ ಪಂಪ್ ಒತ್ತಿದರು. ನಾನು ಬಗ್ಗಿ ನೋಡುತ್ತಿದ್ದೆ. ಹಳದಿ ಡೀಸೆಲ್ಲಿನ ನಡುವೆ ಬೆರಳುದ್ದದ ಗುಳ್ಳೆ, ಮತ್ತೆ ಸ್ವಲ್ಪ ಡೀಸೆಲ್, ಮತ್ತೆ ಗುಳ್ಳೆ, ಸಾಲು ಹಿಡಿದು ಹೊರಟಿದ್ದವು. ಆಮೇಲೆ ಅವರು ರಬ್ಬರ್ ಪೈಪನ್ನು ಪೂರ್ತಿ ಹೊರಗೆ ತೆಗೆದು, ಕ್ಲಿಪ್ ಕೂರುತ್ತಿದ್ದ ಜಾಗದಲ್ಲಿ ಬಗ್ಗಿಸಿ ತೋರಿಸಿದರು. ನೆಟ್ಟಗಿದ್ದಾಗ ಏನೂ ಕಾಣುತ್ತಿರಲಿಲ್ಲ. ಬಗ್ಗಿಸಿದ ಕೂಡಲೇ ಏಪ್ರಿಲ್ ತಿಂಗಳ ಎರೆಹೊಲದ ಹಾಗೆ ಬಾಯಿ ಬಿಟ್ಟಿತು.

ಹೊರಗೆ ಒಂದು ಹನಿ ಡೀಸೆಲ್ ಸೋರಿರಲಿಲ್ಲ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಆ ಪೈಪ್ ಹೀರುವ ಕಡೆಯದು. ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು. ರಾತ್ರಿ ಗಾಡಿ ಏರಿಗೆ ನಿಂತರೆ ಟ್ಯಾಂಕ್ ಕೆಳಗೆ, ಎಂಜಿನ್ ಮೇಲೆ. ಬಿರುಕಿನಿಂದ ಗಾಳಿ ನುಗ್ಗುತ್ತದೆ, ಪೈಪಿನಲ್ಲಿದ್ದ ಡೀಸೆಲ್ ತನ್ನ ಭಾರಕ್ಕೆ ಜಾರಿ ಟ್ಯಾಂಕಿಗೆ ವಾಪಸು ಹೋಗುತ್ತದೆ. ಡೀಸೆಲ್ಲನ್ನು ಒತ್ತಿದರೆ ಅದು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಗಾಳಿ ಕುಗ್ಗುತ್ತದೆ. ನೋಜಲ್ ಬಾಯಿ ಬಿಡಲು ಇಂಥ ಎಂಜಿನ್ನುಗಳಲ್ಲಿ 200 ಬಾರ್ ಆಸುಪಾಸಿನ ಒತ್ತಡ ಬೇಕು. ಪಂಪಿನ ಬಾಯಿಗೆ ಗಾಳಿ ಸಿಕ್ಕರೆ ಅದು ಎಷ್ಟು ಒತ್ತಿದರೂ ಗಾಳಿ ಕುಗ್ಗುತ್ತದೆ, ನೋಜಲ್ ಬಾಯಿ ಮುಚ್ಚಿಕೊಂಡೇ ಇರುತ್ತದೆ. ಪಂಪಿನದೇನೂ ತಪ್ಪಿಲ್ಲ.

60 ರೂಪಾಯಿಯ ಡೀಸೆಲ್ ಪೈಪ್, ಎರಡು ಹೊಸ ಕ್ಲಿಪ್. ಆಮೇಲೆ ಆ ತೊಂದರೆ ಬಂದೇ ಇಲ್ಲ.

ನೀವು ಮಾಡಬೇಕಾದ್ದು ಹೀಗೆ. ಗಾಡಿಯನ್ನು ಸಾಧ್ಯವಾದರೆ ಸಮ ಜಾಗಕ್ಕೆ ತಳ್ಳಿಸಿ. ಡೀಸೆಲ್ ಫಿಲ್ಟರಿನ ಹತ್ತಿರ ಅಥವಾ ಫೀಡ್ ಪಂಪಿನ ಮೇಲೆ ಕೈಯಿಂದ ಒತ್ತುವ ಹ್ಯಾಂಡ್ ಪಂಪ್ ಇರುತ್ತದೆ. ಫಿಲ್ಟರಿನ ತಲೆಯ ಮೇಲಿನ ಏರ್ ಸ್ಕ್ರೂ ಎರಡು ಸುತ್ತು ಸಡಿಲು ಮಾಡಿ ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಪಂಪಿನ ಮೇಲೆ ಇಂಥದ್ದೇ ಸ್ಕ್ರೂ ಇದ್ದರೆ ಅಲ್ಲೂ ಹಾಗೇ. ಏರ್ ಹೋದಾಗ ಹ್ಯಾಂಡ್ ಪಂಪ್ ಕೈಗೆ ಗಟ್ಟಿಯಾಗುತ್ತದೆ, ಆ ಬದಲಾವಣೆ ತಾನೇ ತಿಳಿಯುತ್ತದೆ. 100 ಸಲ ಒತ್ತಿದರೂ ಮೆತ್ತಗೇ ಇದ್ದರೆ ಅದು ಎಲ್ಲಿಂದಲೋ ಗಾಳಿ ಕುಡಿಯುತ್ತಿದೆ. ಈಗಲೂ ಹಿಡಿಯದಿದ್ದರೆ ನೋಜಲ್‌ಗೆ ಹೋಗುವ ಕಬ್ಬಿಣದ ಪೈಪಿನ ನಟ್ಟನ್ನು ನೋಜಲ್ ತುದಿಯಲ್ಲಿ ಅರ್ಧ ಸುತ್ತು ಸಡಿಲು ಮಾಡಿ, ಸೆಲ್ಫ್ ಹೊಡೆಸಿ. ಡೀಸೆಲ್ ಚಿಟಿಚಿಟಿ ಜಿನುಗಿದ ಮೇಲೆ ಬಿಗಿ ಮಾಡಿ. ಒಂದೊಂದಾಗಿ ಎರಡು ಸಿಲಿಂಡರಿನದು ಮಾಡಿದರೆ ಸಾಕು, ಎಂಜಿನ್ ಹಿಡಿದು ಉಳಿದದ್ದನ್ನು ತಾನೇ ತೆಗೆದುಕೊಳ್ಳುತ್ತದೆ.

ಇಲ್ಲಿ ಎರಡು ಮಾತು ಕೈಮುಗಿದು ಹೇಳುತ್ತೇನೆ. ನಟ್ಟು ಸಡಿಲು ಮಾಡುವಾಗ ಕೈಯನ್ನಾಗಲಿ ಮುಖವನ್ನಾಗಲಿ ಅದರ ಎದುರು ಹಿಡಿಯಬೇಡಿ, ಈ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸಣ್ಣ ಚುಕ್ಕೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗೇನಾದರೂ ಆದರೆ ಅದೇ ಗಳಿಗೆಯಲ್ಲಿ ದವಾಖಾನೆಗೆ ಓಡಬೇಕು. ಎರಡನೆಯದು, ನಿಮ್ಮದು ಕಾಮನ್ ರೈಲ್ ಎಂಜಿನ್ (ಕಂಪ್ಯೂಟರಿನಿಂದ ನಡೆಯುವ ಹೊಸ ತರಹದ್ದು) ಆಗಿದ್ದರೆ ಆ ನಟ್ಟುಗಳನ್ನು ಮುಟ್ಟಲೇಬೇಡಿ. ಅದರಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಅದರ ತೊಂದರೆಗೆ ಸ್ಕ್ಯಾನರ್ ಹಚ್ಚಿಸಿ ನೋಡುವುದೇ ದಾರಿ. ನಾನು ಹೇಳುತ್ತಿರುವುದೆಲ್ಲ ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗೆ.

ಏರ್ ತೆಗೆದರೆ ಗಾಡಿ ಚಾಲೂ ಆಗುತ್ತದೆ, ಬಿರುಕು ಹೋಗುವುದಿಲ್ಲ. ಎಲ್ಲಿಂದ ಬರುತ್ತಿದೆ ಅಂತ ಹಿಡಿಯಲು ಒಂದು ಸ್ವಚ್ಛ ಡಬ್ಬಿಯಲ್ಲಿ 2 ಲೀಟರ್ ಡೀಸೆಲ್ ಹಾಕಿ ಎಂಜಿನ್ನಿಗಿಂತ ಎತ್ತರಕ್ಕೆ ಕಟ್ಟಿ, ಅದರಿಂದ ನೇರ ಫೀಡ್ ಪಂಪಿಗೆ ಪೈಪ್ ಕೊಡಿ. ಕಟ್ಟುವಾಗ ಬಿಸಿಯಾಗುವ ಸೈಲೆನ್ಸರಿನಿಂದ ದೂರ ಇರಲಿ. ಇದರಲ್ಲಿ ಎಂಜಿನ್ ನಿಲ್ಲದೆ ಓಡಿದರೆ ಪಂಪೂ ನೋಜಲ್ಲೂ ಸರಿಯಿವೆ, ತಪ್ಪು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಇದೆ. ಟ್ಯಾಂಕಿನೊಳಗಿನ ಜಾಳಿಗೆ ಕಟ್ಟಿರಬಹುದು, ರಬ್ಬರ್ ಬಿರಿದಿರಬಹುದು, ಚಾಸಿಗೆ ಉಜ್ಜಿ ಕಬ್ಬಿಣದ ಪೈಪ್ ತೂತಾಗಿರಬಹುದು. 20 ಸಾವಿರದ ಮಾತಿಗೆ ಉತ್ತರ ಈ 2 ಲೀಟರ್ ಡಬ್ಬಿಯಲ್ಲಿದೆ, ದಯವಿಟ್ಟು ಇದನ್ನು ಬಿಡಬೇಡಿ. ಡಬ್ಬಿಯಲ್ಲೂ ಹಿಡಿಯದಿದ್ದರೆ ಆಗ ಫೀಡ್ ಪಂಪ್, ಫಿಲ್ಟರಿನ ತಾಮ್ರದ ವಾಷರು, ಹ್ಯಾಂಡ್ ಪಂಪಿನ ಸೀಲ್ ನೋಡಿ, ಕೊನೆಗೆ ಪಂಪ್. ವಾಷರ್ ಸಿಗದ ಊರಿನಲ್ಲಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆತ್ತಗಾಗುತ್ತದೆ, ಮತ್ತೆ ಸರಿಯಾಗಿ ಕೂರುತ್ತದೆ.

ಬಿಳಿ ಹೊಗೆ ಬರುತ್ತಿದ್ದರೆ? ಬೀದರ್ ಕಡೆ ಡಿಸೆಂಬರ್, ಜನವರಿ ಬೆಳಗಿನ ಚಳಿ ನಮ್ಮ ಕಲಬುರಗಿಗಿಂತ ಹೆಚ್ಚು. ಚಾಲೂ ಮಾಡುವಾಗ ಸಿಲಿಂಡರ್ ಕಾಯಿಸುವ ಹೀಟರ್ ಪ್ಲಗ್ ಇರುವ ಎಂಜಿನ್ ಆದರೆ ಅವು ಕಾಯುತ್ತಿವೆಯೇ ಟೆಸ್ಟ್ ಮಾಡಿಸಿ. ಸೆಲ್ಫ್ ಜೋರಾಗಿದೆ ಅಂತ ನಿಮಗೆ ಅನ್ನಿಸಿದರೂ ಬ್ಯಾಟರಿ ವೋಲ್ಟೇಜ್ ನೋಡಿಸಿ, ಸೆಲ್ಫ್ ಹೊಡೆಯುವಾಗ ಸುಮಾರು 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು. ಡೀಸೆಲ್ ಫಿಲ್ಟರಿನ ಕೆಳಗಿನ ನೀರು ಬಿಡುವ ಗುಬ್ಬಿ ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು 10 ನಿಮಿಷ ಅಲುಗಿಸದೆ ಇಡಿ, ನೀರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಡ್ರಮ್ಮಿನಲ್ಲಿ ಇಟ್ಟ ಡೀಸೆಲ್ ಹಾಕುವವರಾದರೆ ಇದನ್ನು ಮೊದಲೇ ನೋಡಿ. ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆಯಿರಿ, ರಾಶಿ ಧೂಳು ತುಂಬಿರುತ್ತದೆ.

ಯಾರಾದರೂ ಪೆಟ್ರೋಲ್ ಬಟ್ಟೆ ತಂದು ಏರ್ ಪೈಪಿಗೆ ಹಿಡಿಯಲು ಬಂದರೆ ತಡೆಯಿರಿ. ಗಾಡಿ ಒಮ್ಮೆ ಗುಡುಗಿ ಚಾಲೂ ಆಗಬಹುದು, ಆದರೆ ಆ ಏಟಿಗೆ ಪಿಸ್ಟನ್ ರಿಂಗ್ ಒಡೆಯಬಹುದು, ಪಿಸ್ಟನ್ ಸೀಳಬಹುದು. ಹೀಟರ್ ಕಾದಿದ್ದರೆ ಬೆಂಕಿ ಮುಖಕ್ಕೇ ಬರಬಹುದು. ಟ್ರ್ಯಾಕ್ಟರ್ ಕಟ್ಟಿ ಎಳೆಸುವುದೂ ಬೇಡ. ಎಳೆದರೂ ಆಗುವುದು ಎಂಜಿನ್ ತಿರುಗುವುದು ಮಾತ್ರ, ಅದನ್ನು ನಿಮ್ಮ ಸೆಲ್ಫ್ ಆಗಲೇ ಮಾಡುತ್ತಿದೆ. ಪಂಪಿಗೆ ಡೀಸೆಲ್ಲೇ ಎಣ್ಣೆ, ಒಣ ಪಂಪನ್ನು ಅರ್ಧ ಕಿಲೋಮೀಟರ್ ಎಳೆದರೆ ಇಲ್ಲದ ರೋಗ ಬರುತ್ತದೆ.

ಸೆಲ್ಫ್ ತಿರುಗುವ ಸದ್ದು ಮೊದಲಿಗಿಂತ ಹಗುರಾಗಿ, ತಡೆಯೇ ಇಲ್ಲದಂತೆ "ಸುಯ್" ಅಂತ ಕೇಳಿದರೆ ಮಾತ್ರ ಕೂಡಲೇ ನಿಲ್ಲಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದು ತುಂಡಾಗಿರಬಹುದು. ಆಗ ಮಿಸ್ತ್ರಿಯೇ ಬೇಕು.

ಚಾಲೂ ಆದ ಮೇಲೆ ಬಂದ್ ಮಾಡಬೇಡಿ, ಹತ್ತು ನಿಮಿಷ ಸ್ವಲ್ಪ ರೇಸ್ ಇಟ್ಟು ಓಡಲಿ. ರಾತ್ರಿ ಇಳಿಜಾರಿಗೆ ಮೂತಿ ಕೆಳಗೆ ಮಾಡಿ, ಗೇರ್ ಹಾಕಿ, ಟೈರಿಗೆ ಕಲ್ಲು ಕೊಟ್ಟು ನಿಲ್ಲಿಸಿ. ಬೆಳಿಗ್ಗೆ ಒಂದೇ ಏಟಿಗೆ ಹಿಡಿದರೆ ಡೀಸೆಲ್ ವಾಪಸು ಜಾರುತ್ತಿದ್ದದ್ದೇ ರೋಗ ಅಂತ ತಿಳಿಯಿರಿ. ತೊಗರಿ ಗಂಜಿಗೆ ಮುಟ್ಟಿಸಿ, ಬರುವಾಗ ಟ್ಯಾಂಕಿನಿಂದ ಎಂಜಿನ್‌ವರೆಗಿನ ರಬ್ಬರ್ ಪೈಪುಗಳನ್ನೆಲ್ಲ ಒಟ್ಟಿಗೇ ಹೊಸದು ಹಾಕಿಸಿಬಿಡಿ. ಪೈಪ್ ಕೊಳ್ಳುವಾಗ ಡೀಸೆಲ್‌ದೇ ಕೇಳಿ. ನೀರಿನ ಪೈಪ್, ಗೌಂಡಿಗಳ ಲೆವೆಲ್ ಪೈಪ್ ಪರೀಕ್ಷೆಗೆ ಮಾತ್ರ, ಡೀಸೆಲ್ಲಿಗೆ ಅವು ಕೆಲವೇ ದಿನಗಳಲ್ಲಿ ಕಟ್ಟಿಗೆಯಾಗಿ ಬಿರಿಯುತ್ತವೆ.