ಅಂಗಿಯ ತೋಳಿನ ಮೇಲಿನ ಹೃದಯ

ಪ್ರಶ್ನೆ: ‘ಹಿ ವೇರ್ಸ್ ಹಿಸ್ ಹಾರ್ಟ್ ಆನ್ ಹಿಸ್ ಸ್ಲೀವ್’ ಎಂದು ಗೆಳತಿಯೊಬ್ಬಳು ನನ್ನ ಬಗ್ಗೆ ಹೇಳಿದ್ದಾಳೆ. ಅವಳು ನನ್ನನ್ನು ಪ್ರೀತಿಸುತ್ತಿದ್ದಾಳೆಯೇ? ಹಿಂದೆ ಯೂರೋಪಿನ ಯೋಧರು ಪ್ರೇಯಸಿಯ ಕರವಸ್ತ್ರವನ್ನು ತೋಳಿಗೆ ಕಟ್ಟಿಕೊಳ್ಳುತ್ತಿದ್ದುದರಿಂದ ಈ ಮಾತು ಬಂತೆಂದು ಓದಿದ್ದೇನೆ.

ಉತ್ತರ: ಆ ಮಾತಿನಿಂದ ಹಾಗೆ ಊಹಿಸಲಾಗದು. ಅವಳು ಹೇಳಿರುವುದು ನಿಮ್ಮ ಸ್ವಭಾವದ ಬಗ್ಗೆ, ತನ್ನ ಮನಸ್ಸಿನ ಬಗ್ಗೆ ಅಲ್ಲ. ಒಲವಾಗಲಿ ನೋವಾಗಲಿ ಒಳಗೆ ಅಡಗಿಸಿಟ್ಟುಕೊಳ್ಳಲು ಬಾರದವರು ಎಂಬುದಷ್ಟೇ ಇದರ ಅರ್ಥ. ಅದು ಮೆಚ್ಚುಗೆಯೋ ಮರುಕವೋ ಎಂಬುದನ್ನು ಆಡಿದ ಧಾಟಿಯಿಂದಲೇ ತಿಳಿಯಬೇಕು.

ಕರವಸ್ತ್ರದ ಕಥೆಯನ್ನು ನನಗೆ ಎಷ್ಟು ಮಂದಿ ಕಳುಹಿಸಿದ್ದಾರೋ ಲೆಕ್ಕವಿಟ್ಟಿಲ್ಲ. ಯೋಧರು ಹೆಂಗಸರ ಗುರುತನ್ನು ಧರಿಸುತ್ತಿದ್ದುದು ನಿಜವಾದರೂ ನುಡಿಗಟ್ಟು ಅಲ್ಲಿಂದಲೇ ಹುಟ್ಟಿತೆನ್ನಲು ಬರಹದ ಆಧಾರವಿಲ್ಲ. ನುಡಿಗಟ್ಟುಗಳನ್ನು ಐದು ನಿಮಿಷದಲ್ಲಿ ಕಲಿಸುವ ವೀಡಿಯೊ ಪಂಡಿತರಿಗೆ ಆಧಾರ ಬೇಕಾಗಿಯೂ ಇಲ್ಲ. ಸಿಕ್ಕಿರುವ ಅತ್ಯಂತ ಹಳೆಯ ಬಳಕೆ ಇರುವುದು, 1604ರಲ್ಲಿ ಪ್ರದರ್ಶನಗೊಂಡ, ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಮೊದಲ ದೃಶ್ಯದಲ್ಲಿ. ಅಲ್ಲಿ ಇದನ್ನು ಆಡುವವನು ಪ್ರೇಮಿಯಲ್ಲ, ಕಪಟಿಯಾದ ಇಯಾಗೊ. ತನ್ನ ಒಳಗು ಹೊರಗೆ ಕಾಣುವಂತಾದರೆ, ಹಕ್ಕಿಗಳು ಕುಕ್ಕಲೆಂದು ಹೃದಯವನ್ನು ತೋಳಿನ ಮೇಲೆ ಧರಿಸಿದಂತೆಯೇ ಸರಿ ಎನ್ನುತ್ತಾನೆ. ಅಂದರೆ ತಾನು ಎಂದೂ ಮಾಡದ ಕೆಲಸಕ್ಕೆ ಅವನು ಈ ಹೋಲಿಕೆಯನ್ನು ಕೊಡುತ್ತಾನೆ. ಅಸೂಯೆಯನ್ನು ಹಸಿರುಗಣ್ಣಿನ ರಾಕ್ಷಸ ಎಂದು ಕರೆದು ಎಚ್ಚರಿಸುವವನೂ ಅವನೇ, ಅದೂ ಆ ವಿಷವನ್ನು ಒಥೆಲೊನ ಕಿವಿಗೆ ತಾನೇ ಹನಿಸುತ್ತಿರುವಾಗ. ಮುಚ್ಚಿಡದವನನ್ನು ಯಾರು ಬೇಕಾದರೂ ನೋಯಿಸಬಹುದೆಂಬ ಆ ಆತಂಕ ಈ ನುಡಿಗಟ್ಟಿನಲ್ಲಿ ಇಂದಿಗೂ ಉಳಿದಿದೆ. ನಿಮ್ಮ ಗೆಳತಿ ಹೊಗಳಿರುವುದಕ್ಕಿಂತ ನಿಮಗಾಗಿ ಚಿಂತಿಸಿರುವ ಸಾಧ್ಯತೆಯೇ ಹೆಚ್ಚೆಂದು ನನಗೆ ತೋರುತ್ತದೆ, ಆದರೆ ಇದನ್ನು ನಂಬಿ ಪ್ರೇಮಪತ್ರ ಬರೆಯಬೇಡಿ.

ಪ್ರಶ್ನೆ: ಮದುವೆಯ ವಾರ್ಷಿಕೋತ್ಸವದ ಕಾರ್ಡಿನಲ್ಲಿ ಪತ್ನಿಗೆ ‘ಐ ಕ್ಯಾರಿ ಎ ಟಾರ್ಚ್ ಫಾರ್ ಯು’ ಎಂದು ಬರೆಯಬಹುದೇ?

ಉತ್ತರ: ಖಂಡಿತ ಬೇಡ, ಅದು ಮರುಪ್ರೀತಿ ಸಿಗದೆ ಕೊರಗುವವರ ಮಾತು.

ಪ್ರಶ್ನೆ: ‘ಹೆಡ್ ಓವರ್ ಹೀಲ್ಸ್’ ಎಂದರೆ ಪ್ರೀತಿಯಲ್ಲಿ ತಲೆಕೆಳಗಾಗುವುದಂತೆ. ತಲೆ ಹಿಮ್ಮಡಿಗಿಂತ ಮೇಲೆಯೇ ಇರುತ್ತದಲ್ಲವೇ?

ಉತ್ತರ: ಇರುತ್ತದೆ. ಮೊದಲಿದ್ದದ್ದು ‘ಹೀಲ್ಸ್ ಓವರ್ ಹೆಡ್’. 18ನೇ ಶತಮಾನದಲ್ಲಿ ಪದಗಳು ಅದಲುಬದಲಾದವು, ಅರ್ಥ ಮಾತ್ರ ಕದಲಲಿಲ್ಲ.

ಪ್ರಶ್ನೆ: ‘ಫಾಲ್ ಇನ್ ಲವ್’ ಮತ್ತು ‘ಫಾಲ್ ಫಾರ್’ ಎರಡೂ ಒಂದೇ ತಾನೇ?

ಉತ್ತರ: ಎಲ್ಲ ಕಡೆಯೂ ಅಲ್ಲ. ಎರಡನೆಯದಕ್ಕೆ ನಮ್ಮ ‘ಮರುಳಾಗು’ ಸರಿಯಾಗಿ ಹೊಂದುತ್ತದೆ: ಚೆಲುವಿಗೂ ಮರುಳಾಗಬಹುದು, ವಂಚಕನ ಮಾತಿಗೂ ಮರುಳಾಗಬಹುದು.