ಉದ್ದ ಕೇಬಲ್, ಮಂಕಾದ ಗಿಟಾರ್: ಬಫರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಚಿಕ್ಕಮಗಳೂರಿನ ನನ್ನ ರಿಪೇರಿ ಮೇಜಿನ ಮೇಲೆ ಪೆಡಲ್‌ಬೋರ್ಡುಗಳು ಸಾಲುಗಟ್ಟುತ್ತವೆ. ಜೊತೆಗೆ ಅವೇ ಪ್ರಶ್ನೆಗಳು, ಯಾರೋ ತಲೆಗೆ ತುಂಬಿದ ಅವೇ ತಪ್ಪು ಮಾತುಗಳು. ಪೆಡಲ್ ಅಂದರೇನು, ಜಾಕ್ ಎಲ್ಲಿರುತ್ತದೆ ಎಂಬಲ್ಲಿಂದ ನಾನು ಶುರು ಮಾಡುವುದಿಲ್ಲ. ಸ್ಟೇಜ್ ಹತ್ತುವವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ನಾನು ಮೂಡಿಗೆರೆಯವನು, ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸುತ್ತೇನೆ. ಬೋರ್ಡಿನಲ್ಲಿ ಆರು ಪೆಡಲ್, ಆರೂ ಟ್ರೂ ಬೈಪಾಸ್ (ಆಫ್ ಮಾಡಿದರೆ ಸಿಗ್ನಲ್ ಪೆಡಲ್ಲಿನ ಸರ್ಕ್ಯೂಟಿಗೆ ತಾಗದೆ ನೇರ ದಾಟುತ್ತದೆ). ಮನೆಯಲ್ಲಿ ಗಿಟಾರನ್ನು ನೇರ ಆಂಪ್‌ಗೆ ಹಾಕಿದರೆ ಸೌಂಡ್ ಸ್ವಚ್ಛ. ಸ್ಟೇಜಿನಲ್ಲಿ ಬೋರ್ಡ್ ಮೂಲಕ ಬಂದರೆ, ಪೆಡಲ್ ಎಲ್ಲ ಆಫ್ ಇದ್ದರೂ, ಸ್ಪೀಕರಿಗೆ ಕಂಬಳಿ ಹೊದೆಸಿದ ಹಾಗೆ ಕೇಳುತ್ತದೆ. ಬಫರ್ ಹಾಕಿಸಲಾ ಅಂತ ಕೇಳಿದರೆ ಅಂಗಡಿಯವರು ‘ಬಫರ್ ಹಾಕಿದ್ರೆ ಒರಿಜಿನಲ್ ಟೋನ್ ಹೋಗುತ್ತೆ, ಒಳ್ಳೆ ಕೇಬಲ್ ತಗೊಳ್ಳಿ’ ಅಂದರು. ಏನು ಮಾಡಲಿ?

ಉತ್ತರ: ಬಫರ್ ಹಾಕಿಸಿ. ಬಫರ್ ಅಂದರೆ ಗಿಟಾರಿನ ದುರ್ಬಲ ಸಿಗ್ನಲ್ಲಿಗೆ ಉದ್ದ ಕೇಬಲ್ ಎಳೆಯುವ ಶಕ್ತಿ ಕೊಡುವ ಚಿಕ್ಕ ಸರ್ಕ್ಯೂಟ್. ನಿಮ್ಮ ಟೋನ್ ಈಗಾಗಲೇ ಹೋಗಿದೆ, ಅದನ್ನು ತಿಂದದ್ದು ಕೇಬಲಿನ ಉದ್ದ.

ಕೇಬಲಿನ ಒಳತಂತಿ, ಅದರ ಸುತ್ತಲಿನ ಜಾಲರಿ ಎರಡೂ ಸೇರಿ ಒಂದು ಕೆಪಾಸಿಟರ್ ಆಗುತ್ತವೆ. ಸಾಧಾರಣ ಗಿಟಾರ್ ಕೇಬಲಿನಲ್ಲಿ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಪಿಕಪ್ ಎಂದರೆ ಸಾವಿರಾರು ಸುತ್ತಿನ ತಾಮ್ರದ ತಂತಿ. ಸಿಂಗಲ್ ಕಾಯಿಲ್ ಆದರೆ ಅದರ ಇಂಡಕ್ಟೆನ್ಸ್ 2.5 ಹೆನ್ರಿ ಆಸುಪಾಸು. ಈ ಸುರುಳಿ ಮತ್ತು ಆ ಕೆಪಾಸಿಟೆನ್ಸ್ ಕೂಡಿ ಒಂದು ಆವರ್ತನದಲ್ಲಿ ಸೌಂಡನ್ನು ಎತ್ತಿ ಹಿಡಿಯುತ್ತವೆ, ಅದರಿಂದ ಮೇಲಿನದನ್ನು ಕಡಿದು ಬಿಸಾಕುತ್ತವೆ. ನಿಮ್ಮ ಗಿಟಾರಿನ ಹೊಳಪು ಎಲ್ಲಿಯವರೆಗೆ ಎಂದು ನಿರ್ಧಾರವಾಗುವುದೇ ಅಲ್ಲಿ.

ಲೆಕ್ಕ ನೋಡಿ. ಮನೆಯಲ್ಲಿ 3 ಮೀಟರ್ ಕೇಬಲ್, ಜೊತೆಗೆ ಪಿಕಪ್ಪಿನದೇ ಒಂದಿಷ್ಟು, ಒಟ್ಟು 400 ಪಿಕೊಫ್ಯಾರಡ್ ಅಂದುಕೊಳ್ಳಿ. ಆ ಎತ್ತರದ ಬಿಂದು 5,000 ಹರ್ಟ್ಜ್ ಹತ್ತಿರ ಬರುತ್ತದೆ. ಸ್ಟೇಜಿನಲ್ಲಿ ಗಿಟಾರಿನಿಂದ ಬೋರ್ಡಿಗೆ 6 ಮೀಟರ್, ಪ್ಯಾಚ್ ಕೇಬಲ್ಲುಗಳು ಸೇರಿ ಒಂದೂವರೆ, ಬೋರ್ಡಿನಿಂದ ಆಂಪ್‌ಗೆ 10. ಪೆಡಲ್ ಎಲ್ಲ ಟ್ರೂ ಬೈಪಾಸ್ ಆಗಿ ಆಫ್ ಇದ್ದರೆ ಇದಿಷ್ಟೂ ಒಂದೇ ಉದ್ದ ಕೇಬಲ್. ಬಿಂದು 2,300ಕ್ಕೆ ಕುಸಿಯುತ್ತದೆ. ಅಂಗಡಿಯವರು ಹೇಳಿದ ದುಬಾರಿ ಕೇಬಲ್ ಮೀಟರಿಗೆ 70 ಪಿಕೊಫ್ಯಾರಡ್ ಇದ್ದರೂ ಸಿಗುವುದು 2,800. ಬೋರ್ಡಿನ ಬಾಯಲ್ಲೇ ಒಂದು ಬಫರ್ ಇಟ್ಟರೆ ಪಿಕಪ್ ಎಳೆಯಬೇಕಾದದ್ದು ಮೊದಲ 6 ಮೀಟರ್ ಮಾತ್ರ, ಆಗ 3,800. ಆ ಮೊದಲ ಕೇಬಲನ್ನೂ 3 ಮೀಟರಿಗೆ ಇಳಿಸಿದರೆ ಮನೆಯ ಸೌಂಡೇ ಸ್ಟೇಜಿಗೆ ಬಂತು. ಹೆಚ್ಚು ದುಡ್ಡಿನ ಕೇಬಲ್ ಮಾರಿದವರು ಈ ಲೆಕ್ಕ ಹೇಳಿದ್ದರಾ?

ಬಫರ್ ಮಾಡುವ ಕೆಲಸ ಇಷ್ಟೇ. ಒಳಬರುವ ಕಡೆ 1 ಮೆಗಾಓಮ್ ಇಂಪೀಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ), ಅಂದರೆ ಪಿಕಪ್ಪಿನ ಮೇಲೆ ಹೊರೆ ಇಲ್ಲ. ಹೊರಹೋಗುವ ಕಡೆ 1 ಕಿಲೊಓಮ್ ಅಥವಾ ಇನ್ನೂ ಕಡಿಮೆ. ಅಲ್ಲಿಂದ ಮುಂದೆ 20 ಮೀಟರ್ ಕೇಬಲ್ ಎಳೆದರೂ ಟ್ರೆಬಲ್ ಕಡಿತ ಶುರುವಾಗುವುದು 80,000 ಹರ್ಟ್ಜ್ ಹತ್ತಿರ. ಮನುಷ್ಯನ ಕಿವಿ 20,000ಕ್ಕೇ ನಿಲ್ಲುತ್ತದೆ. ಇದರಲ್ಲಿ ಟೋನ್ ಹೋಗುವುದು ಎಲ್ಲಿಂದ ಬಂತು? ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮರ್‌ಗೆ ಬೋರ್ಡ್ ಕಟ್ಟಿಕೊಟ್ಟ ಪೀಟ್ ಕಾರ್ನಿಷ್ ಬಫರ್ ಇಟ್ಟೇ ಕಟ್ಟಿದವರು. ಗಿಲ್ಮರ್ ಟೋನಿಗೆ ಯಾರೂ ಮಂಕು ಅಂದದ್ದನ್ನು ನಾನು ಕೇಳಿಲ್ಲ.

ನಿಮ್ಮ ಬೋರ್ಡಿನಲ್ಲಿ ಇನ್ನೊಂದು ತೊಂದರೆಯೂ ಇರಲೇಬೇಕು, ನೀವು ಬರೆದಿಲ್ಲ. ಪಲ್ಲವಿ ಕ್ಲೀನ್ ನುಡಿಸಿ, ಚರಣಕ್ಕೆ ಮುಂಚಿನ ಬಿಜಿಎಂಗೆ ಓವರ್‌ಡ್ರೈವ್ ತುಳಿದಾಗ ಸೌಂಡ್ ಒರಟಾಗುವುದರ ಜೊತೆಗೆ ಟ್ರೆಬಲ್ ದಿಢೀರ್ ಮೇಲೆ ಹಾರುತ್ತದೆ, ಪೆಡಲ್ ಬಿಟ್ಟ ಕೂಡಲೇ ಮತ್ತೆ ಮಂಕು. ಯಾಕೆಂದರೆ ಆನ್ ಆದ ಪೆಡಲ್ ತಾನೇ ಬಫರಿನ ಕೆಲಸ ಮಾಡುತ್ತದೆ, ಆಫ್ ಆದರೆ ಮತ್ತೆ ಬರೀ ಕೇಬಲ್. ಸೌಂಡ್‌ನವರು ಹಾಡಿನ ಮಧ್ಯೆ ನಾಬ್ ತಿರುಗಿಸುತ್ತ ನಿಮ್ಮನ್ನು ಬೈಯುವುದು ಇದಕ್ಕೇ, ಅವರದೇನೂ ತಪ್ಪಿಲ್ಲ.

ಹಾಕುವ ಜಾಗ ಮುಖ್ಯ. ಬಫರ್ ಕಳೆದುಹೋದ ಟ್ರೆಬಲ್ಲನ್ನು ಹುಟ್ಟಿಸುವುದಿಲ್ಲ, ಮುಂದೆ ಕಳೆಯದಂತೆ ತಡೆಯುತ್ತದೆ ಅಷ್ಟೆ. ಹಾಗಾಗಿ ಬೋರ್ಡಿನ ಕೊನೆಯಲ್ಲಿ ಮಾತ್ರ ಹಾಕಿದರೆ ಪ್ರಯೋಜನ ಅರ್ಧವೇ. ಮೊದಲಲ್ಲಿ ಹಾಕಿ. ಇದಕ್ಕೆ ಅಪವಾದ ಫಝ್, ಅಂದರೆ ಸೌಂಡನ್ನು ತೀರಾ ಒರಟಾಗಿಸುವ ಪೆಡಲ್. 1966ರಲ್ಲಿ ಬಂದ ಫಝ್ ಫೇಸ್ ಮತ್ತು ಅದನ್ನೇ ನೋಡಿ ಮಾಡಿದ ಎರಡು ಟ್ರಾನ್ಸಿಸ್ಟರಿನ ಪೆಡಲ್ಲುಗಳಿಗೆ ಪಿಕಪ್ ನೇರವಾಗಿ ಸಿಗಬೇಕು. ಮಧ್ಯೆ ಬಫರ್ ಬಂದರೆ ಸೌಂಡ್ ಕರ್ಕಶ, ಗಿಟಾರಿನ ವಾಲ್ಯೂಮ್ ಇಳಿಸಿದರೂ ಕ್ಲೀನ್ ಆಗುವುದಿಲ್ಲ. ಫಝ್ ಮೊದಲು, ಬಫರ್ ಆಮೇಲೆ. ಕೊನೆಯ ಪೆಡಲ್ಲಿನ ಔಟ್‌ಪುಟ್‌ನಲ್ಲಿ ನೇರ 100 ಕಿಲೊಓಮ್ ವಾಲ್ಯೂಮ್ ಪಾಟ್ (ನಾಬಿನ ಕೆಳಗಿನ ರೆಸಿಸ್ಟರ್) ಇದ್ದರೆ ಆಂಪ್ ಕಡೆಯ 10 ಮೀಟರಿಗೆ ಇನ್ನೊಂದು ಬಫರ್ ಇರಲಿ. ಟಿಎಲ್ 072 ಎಂಬ ಒಂದೇ ಐಸಿಯಲ್ಲಿ ಎರಡು ಬಫರ್ ಆಗುತ್ತವೆ. ಬಿಡಿಭಾಗಗಳ ಖರ್ಚು ಒಂದು ಸೆಟ್ ಸ್ಟ್ರಿಂಗ್‌ಗಿಂತ ಕಡಿಮೆ. ಸೋಲ್ಡರ್ ಹಿಡಿಯಲು ಬರುವವರಿಂದ ಮಾಡಿಸಿ, ‘ಟೋನ್ ಎನ್‌ಹಾನ್ಸರ್’ ಎಂದು ಹೆಸರಿಟ್ಟು ಸಾವಿರಗಟ್ಟಲೆಗೆ ಮಾರುವವರಿಂದ ಕೊಳ್ಳಬೇಡಿ.

ಕೊಳ್ಳುವ ಮುಂಚೆ ಗೆಳೆಯರ ಹತ್ತಿರ ಬಾಸ್ ಕಂಪನಿಯ ಪೆಡಲ್ ಇದೆಯಾ ವಿಚಾರಿಸಿ. 1977ರಿಂದ ಬರುತ್ತಿರುವ ಅವರ ಚಿಕ್ಕ ಪೆಡಲ್ಲುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಬಫರ್ ಒಳಗೇ ಇದೆ, ಐಬನೆಜ್ ಟ್ಯೂಬ್ ಸ್ಕ್ರೀಮರಿನಲ್ಲೂ ಇದೆ. ಅಂಥದ್ದೊಂದನ್ನು ಮೊದಲಿಗಿಟ್ಟು ಆಫ್ ಮಾಡಿ, ಕಾರ್ಡ್ ಒಂದನ್ನು ಬ್ರಿಡ್ಜ್ ಹತ್ತಿರ ಮೀಟಿ, ಮೇಲಿನ ಎರಡು ತೆಳು ತಂತಿಗಳನ್ನು ಕೇಳಿ. ಆಮೇಲೆ ಅದನ್ನು ತೆಗೆದು ಅದೇ ಕಾರ್ಡ್ ಮೀಟಿ. ವ್ಯತ್ಯಾಸ ನಿಮ್ಮ ಕಿವಿಗೇ ಬೀಳುತ್ತದೆ, ನನ್ನ ಮಾತು ನಂಬಬೇಕಾಗಿಲ್ಲ.

ಒಂದು ಎಚ್ಚರಿಕೆ. ಬಫರಿಗೆ ಪವರ್ ಬೇಕು. ಅಡಾಪ್ಟರ್ ಪಿನ್ ಸಡಿಲವಾದರೆ ಆಫ್ ಇರುವ ಟ್ರೂ ಬೈಪಾಸ್ ಪೆಡಲ್ ಸಿಗ್ನಲ್ ದಾಟಿಸುತ್ತದೆ, ಬಫರ್ ದಾಟಿಸುವುದಿಲ್ಲ. ಬ್ಯಾಗಿನಲ್ಲಿ ಯಾವಾಗಲೂ ಆಂಪ್‌ವರೆಗೆ ತಲುಪುವ ಒಂದು ನೇರ ಕೇಬಲ್ ಇಟ್ಟುಕೊಳ್ಳಿ. 9 ವೋಲ್ಟ್, ನಡುವಿನ ಪಿನ್ ಮೈನಸ್, ಇದನ್ನು ನೋಡದೆ, ಪ್ಲಸ್-ಮೈನಸ್ ಅದಲುಬದಲಾಗುವಂತೆ ಪಿನ್ ತಿರುಗಿಸಬಹುದಾದ ಅಗ್ಗದ ಅಡಾಪ್ಟರ್ ಚುಚ್ಚಬೇಡಿ.

ಪ್ರಶ್ನೆ: ಬಫರ್ ಹಾಕಿದರೆ ವಾಲ್ಯೂಮ್ ಜಾಸ್ತಿ ಆಗುತ್ತಾ? (ಬೇಲೂರು)

ಉತ್ತರ: ಇಲ್ಲ. ಜಾಸ್ತಿಯಾದರೆ ಅದು ಬೂಸ್ಟರ್.

ಪ್ರಶ್ನೆ: ನಮ್ಮಲ್ಲಿ ಆಂಪ್ ಇಲ್ಲ, ಬೋರ್ಡಿನಿಂದ ನೇರ ಮಿಕ್ಸರಿಗೆ ಕೊಡುತ್ತೇವೆ. ಬಫರ್ ಸಾಕಲ್ಲವೇ? (ಕಡೂರು)

ಉತ್ತರ: ಮಿಕ್ಸರಿನ ಲೈನ್ ಇನ್‌ಪುಟ್ 10-20 ಕಿಲೊಓಮ್. ಪಿಕಪ್ಪನ್ನು ನೇರ ಅದಕ್ಕೆ ಕೊಡುವುದಕ್ಕಿಂತ ಬಫರ್ ಎಷ್ಟೋ ಮೇಲು. ಆದರೆ ಮಿಕ್ಸರ್ ದೂರವಿದ್ದರೆ ಡಿಐ ಬಾಕ್ಸೇ (ಸಿಗ್ನಲ್ಲನ್ನು ಎರಡು ತಂತಿಯ ಬ್ಯಾಲೆನ್ಸ್ಡ್ ಲೈನಿಗೆ ಬದಲಿಸುವ ಡಬ್ಬಿ) ಬೇಕು. ಕೇಬಲಿನಲ್ಲಿ ಸೇರಿಕೊಳ್ಳುವ ಹಮ್ಮನ್ನು ಬ್ಯಾಲೆನ್ಸ್ಡ್ ಲೈನ್ ಕಳೆಯುತ್ತದೆ, ಬಫರ್ ಕಳೆಯುವುದಿಲ್ಲ.

ಪ್ರಶ್ನೆ: ಪೆಂಡಾಲಿನಲ್ಲಿ ಜನರೇಟರ್ ಹಾಕಿದಾಗ ಗಿಟಾರಿನಲ್ಲಿ ಗುಂಯ್ ಅನ್ನುತ್ತದೆ. ಆಂಪಿನ ತ್ರೀ ಪಿನ್ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿದರೆ ಹೋಗುತ್ತೆ ಅಂತ ಒಬ್ಬರು ಹೇಳಿ, ಕತ್ತರಿಸಿಯೂ ಕೊಟ್ಟರು. ನಿಜಕ್ಕೂ ಹೋಯಿತು. ಇನ್ನು ಬಫರ್ ಬೇಕಾ? (ಸಕಲೇಶಪುರ)

ಉತ್ತರ: ಇಂದೇ ಆ ಪ್ಲಗ್ ಬದಲಾಯಿಸಿ, ಅಲ್ಲಿಯವರೆಗೆ ಆಂಪ್ ಮುಟ್ಟಬೇಡಿ. ಆಂಪಿನ ಒಳಗೆ ಕರೆಂಟ್ ಲೋಹದ ಕವಚಕ್ಕೆ ತಾಗಿದರೆ ಅದು ಗಿಟಾರಿನ ತಂತಿಗಳಿಗೂ ಬರುತ್ತದೆ. ತಂತಿಯ ಮೇಲೆ ನಿಮ್ಮ ಕೈ, ಮೈಕಿಗೆ ನಿಮ್ಮ ತುಟಿ, ಕಾಲ ಕೆಳಗೆ ಮಳೆಗೆ ನೆನೆದ ಹಲಗೆ. ಇದರಿಂದ ಜನ ಸತ್ತಿದ್ದಾರೆ. 1972ರಲ್ಲಿ ಲೆಸ್ ಹಾರ್ವೆ ಎಂಬ ಗಿಟಾರಿಸ್ಟ್ ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ಸ್ಟೇಜಿನಲ್ಲೇ ತೀರಿಕೊಂಡರು. ಪಿನ್ ಕತ್ತರಿಸಿಕೊಟ್ಟವರನ್ನು ಮತ್ತೆ ನಿಮ್ಮ ಸಾಮಾನಿನ ಹತ್ತಿರ ಬಿಡಬೇಡಿ. ಜನರೇಟರಿಗೆ ಅರ್ಥ್ ರಾಡ್ ಹೊಡೆದಿದ್ದಾರಾ ನೋಡಿ, ಆಂಪ್ ಮತ್ತು ಮಿಕ್ಸರ್ ಒಂದೇ ಕಡೆಯಿಂದ ಪವರ್ ತೆಗೆದುಕೊಳ್ಳಲಿ, ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ (ಆಡಿಯೊ ಕೇಬಲಿನ ಗ್ರೌಂಡನ್ನು ಮಾತ್ರ ಬಿಡಿಸುವ ಸ್ವಿಚ್) ಒತ್ತಿ. ಬಫರಿಗೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಚಿನ್ನದ ಲೇಪನದ ಪಿನ್ ಹಾಕಿದರೆ ಬಫರ್ ಬೇಡವಂತೆ? (ಹಾಸನ)

ಉತ್ತರ: ಸುಳ್ಳು. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಕೇಬಲಿನ ಕೆಪಾಸಿಟೆನ್ಸನ್ನು ಅದೇನೂ ಮಾಡುವುದಿಲ್ಲ.

ಪ್ರಶ್ನೆ: ನನ್ನದು ಅಕೂಸ್ಟಿಕ್, ಬ್ರಿಡ್ಜ್ ಕೆಳಗೆ ಪೀಜೊ ಪಿಕಪ್ ಇದೆ. (ಅರಸೀಕೆರೆ)

ಉತ್ತರ: ಗಿಟಾರಿನ ಪಕ್ಕದಲ್ಲಿ ಬ್ಯಾಟರಿ ಹಾಕುವ ಪ್ರೀಆಂಪ್ ಇದ್ದರೆ ಬಫರ್ ಅದರೊಳಗೇ ಇದೆ, ಖರ್ಚು ಮಾಡಬೇಡಿ. ಬರೀ ಪೀಜೊ ಆದರೆ ಬಫರ್ ಬೇಕೇ ಬೇಕು. ಅಲ್ಲಿ ಮೊದಲು ಹೋಗುವುದು ಟ್ರೆಬಲ್ ಅಲ್ಲ, ಬೇಸ್. ಇನ್‌ಪುಟ್ ಕನಿಷ್ಠ 1 ಮೆಗಾಓಮ್, ಸಿಕ್ಕರೆ 10 ಇರುವುದನ್ನೇ ಹಾಕಿಸಿ.

ಪ್ರಶ್ನೆ: ಮಳೆಗಾಲ ಬಂದರೆ ಬೋರ್ಡ್ ಕರಕರ ಅನ್ನುತ್ತದೆ. ಬಫರ್ ಕೆಟ್ಟಿದೆಯೇ? (ಕೊಪ್ಪ)

ಉತ್ತರ: ಜಾಕ್‌ಗಳಿಗೆ ತೇವ ಹಿಡಿದಿದೆ. ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರನ್ನು ಪಿನ್ನಿಗೆ ಹಚ್ಚಿ, ನಾಲ್ಕೈದು ಸಲ ಹಾಕಿ ತೆಗೆಯಿರಿ. ಬೈಕಿನ ಚೈನಿಗೆ ಹೊಡೆಯುವ ಸ್ಪ್ರೇ ಹಾಕಿ ತಂದರೆ ನಾನು ಬಿಚ್ಚುವುದಿಲ್ಲ.