ಸೆರಗಿನ ಮೇಲಿನ ಹಣಿಗೆ

ಬೆಟಗೇರಿಯ ಓದುಗರೊಬ್ಬರು ನಮಗೆ ಬರೆದ ಪತ್ರದ ಮುಖ್ಯ ಭಾಗ ಹೀಗಿದೆ: “ನಿಮ್ಮ ಉಡುಪಿನ ಪುಟದಲ್ಲಿ ಪ್ರತಿ ತಿಂಗಳೂ ‘ನಿಮ್ಮದೇ ಶೈಲಿಯನ್ನು ಕಂಡುಕೊಳ್ಳಿ’ ಎಂದು ಬರೆಯುತ್ತೀರಿ. ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸುವವಳು, ದಿನವೂ ಬಸ್ಸಿನಲ್ಲಿ ಓಡಾಡುವವಳು. ನೀವು ತೋರಿಸುವ ಅಂಗಡಿಗಳು ನಮ್ಮಲ್ಲಿಲ್ಲ. ಮೊಬೈಲಿನಲ್ಲಿ ನೋಡಿ ತರಿಸಿಕೊಂಡ ಬಟ್ಟೆಗಳು ಎರಡು ಮೂರು ಸಲ ಮೈಮೇಲೆ ಬಂದು ಕಪಾಟು ಸೇರಿವೆ. ಹಾಕಿಕೊಂಡಾಗಲೆಲ್ಲ ಯಾರದೋ ಮನೆಯಿಂದ ಕೇಳಿ ತಂದಂತೆ ಅನ್ನಿಸುತ್ತದೆ. ಸ್ಫೂರ್ತಿ ಎಂಬುದನ್ನು ನನ್ನಂಥವರು ಎಲ್ಲಿ ಹುಡುಕಬೇಕು? ಇನ್ನೊಂದು ಮಾತು: ಅಜ್ಜಿಯ ಇಳಕಲ್ ಸೀರೆಯೊಂದು ಟ್ರಂಕಿನಲ್ಲಿದೆ. ಒಡಲು ಹರಿದಿದೆ, ಸೆರಗು ಗಟ್ಟಿಯಾಗಿದೆ. ಅದನ್ನು ಏನು ಮಾಡಲಿ?”

ಪ್ರಿಯ ಓದುಗರೇ, ನಮಸ್ಕಾರ.

ನಿಮ್ಮ ಪತ್ರದ ಮೊದಲ ಮಾತು ನಮಗೆ ಚುಚ್ಚಿತು. ‘ನಿಮ್ಮದೇ ಶೈಲಿ’ ಎಂಬ ತಲೆಬರಹ ಹಾಕಿ, ಅದರ ಕೆಳಗೇ ಬಟ್ಟೆಗಳ ಬೆಲೆಯ ಪಟ್ಟಿಯನ್ನೂ ಕೊಟ್ಟು, ಇದನ್ನು ಕೊಂಡವರೆಲ್ಲ ತಾವು ತಾವಾಗುತ್ತಾರೆ ಎಂಬ ಅರ್ಥ ಬರುವಂತೆ ಪುಟ ಕಟ್ಟುವುದು ನಮಗೆ ರೂಢಿಯಾಗಿಬಿಟ್ಟಿದೆ. ಒಂದೇ ಪುಟವನ್ನು ಸಾವಿರಾರು ಮಂದಿ ನೋಡಿ ಒಂದೇ ಕುರ್ತಾ ಕೊಂಡರೆ ಅದರಲ್ಲಿ ಯಾರದೇ ಶೈಲಿ ಎಲ್ಲಿಂದ ಬಂದೀತು ಎಂದು ನೀವು ನೇರವಾಗಿ ಕೇಳಲಿಲ್ಲ; ಕೇಳಿದ್ದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ನೀವು ಕೇಳಿದ ಪ್ರಶ್ನೆಯನ್ನು, ಎಲ್ಲಿ ಹುಡುಕಬೇಕು ಎಂಬುದನ್ನು, ಸ್ವಲ್ಪ ದೀರ್ಘವಾಗಿಯೇ ಎತ್ತಿಕೊಳ್ಳುತ್ತೇನೆ.

ನನ್ನದೇ ಒಂದು ಸಂಗತಿಯಿಂದ ಆರಂಭಿಸುವುದಕ್ಕೆ ಅಪ್ಪಣೆಯಿರಲಿ. ಈ ವೃತ್ತಿಗೆ ಬಂದ ಹೊಸತರಲ್ಲಿ ನಾನು ಕರಡು ತಿದ್ದಲು ಹೋಗುತ್ತಿದ್ದ ಮುದ್ರಣಾಲಯದಲ್ಲಿ ಹಿರಿಯರೊಬ್ಬರು ಅಚ್ಚುಮೊಳೆ ಜೋಡಿಸುತ್ತಿದ್ದರು. ಅವರು ಸದಾ ಮಸಿಯ ಕಲೆ ಎದ್ದು ಕಾಣದಂಥ ಗಾಢ ಬಣ್ಣದ ತುಂಬುತೋಳಿನ ಅಂಗಿ ಹಾಕುತ್ತಿದ್ದರು ಮತ್ತು ತೋಳನ್ನು ಎಲ್ಲರಂತೆ ಹೊರಕ್ಕೆ ಮಡಚದೆ ಒಳಕ್ಕೆ ಮಡಚುತ್ತಿದ್ದರು. ಕಾರಣ ಕೇಳಿದೆ. ಹೊರಕ್ಕೆ ಮಡಚಿದರೆ ಆ ಮಡಿಕೆಯೊಳಗೆ ಮೊಳೆ ಬಿದ್ದು ಮನೆಗೆ ಹೋಗುತ್ತದೆ, ಮರುದಿನ ಒಂದು ಅಕ್ಷರ ಕಡಿಮೆ ಬೀಳುತ್ತದೆ ಎಂದರು. ಒಳಮಡಿಕೆಯ ಆ ತೋಳು ಮೊಣಕೈಯ ಕೆಳಗೆ ಎಷ್ಟು ನೇರವಾಗಿ, ಎಷ್ಟು ಶುಭ್ರವಾಗಿ ನಿಲ್ಲುತ್ತಿತ್ತೆಂದರೆ, ಅಂದಿನಿಂದ ನಾನೂ ಹಾಗೆಯೇ ಮಡಚುತ್ತ ಬಂದಿದ್ದೇನೆ. ಮೊಳೆಗಳು ಹೋಗಿ ಕಂಪ್ಯೂಟರ್ ಬಂದು ಎಷ್ಟೋ ವರ್ಷಗಳಾದವು, ತೋಳು ಮಾತ್ರ ಇನ್ನೂ ಒಳಕ್ಕೇ ಇದೆ. ನನ್ನ ಉಡುಪಿನ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದ್ದರೆ ಅದು ಈ ತೋಳಿನ ಬಗ್ಗೆಯೇ ಹೊರತು ನಾನು ದುಡ್ಡು ಸುರಿದು ಹೊಲಿಸಿದ ಕೋಟಿನ ಬಗ್ಗೆ ಅಲ್ಲ.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗಾಗಿ ದಶಕಗಳ ಕಾಲ ಬೀದಿಯ ಜನರ ಉಡುಪಿನ ಛಾಯಾಚಿತ್ರ ತೆಗೆದ, 2016ರಲ್ಲಿ ತೀರಿಕೊಂಡ ಬಿಲ್ ಕನಿಂಗ್‌ಹ್ಯಾಮ್ ಅವರ ವಿಷಯವೂ ಇಂಥದ್ದೇ. ಜಗತ್ತಿನ ಅತಿ ದುಬಾರಿ ಬಟ್ಟೆಗಳನ್ನು ದಿನವೂ ಕಣ್ಣಾರೆ ಕಾಣುತ್ತಿದ್ದ ಆ ಮನುಷ್ಯ ತಾನು ತೊಡುತ್ತಿದ್ದುದು ಫ್ರಾನ್ಸಿನ ಕೂಲಿಕಾರರ ನೀಲಿ ಹತ್ತಿಯ ಮೇಲಂಗಿ. ಕುತ್ತಿಗೆಗೆ ತೂಗುಹಾಕಿದ ಕ್ಯಾಮೆರಾ ತಿಕ್ಕಿ ತಿಕ್ಕಿ ಯಾವ ಬಟ್ಟೆಯೂ ಬಾಳುತ್ತಿರಲಿಲ್ಲ. ಅಗ್ಗದ ಈ ಅಂಗಿಗೆ ದೊಡ್ಡ ಜೇಬುಗಳಿದ್ದವು, ಸೈಕಲ್ ತುಳಿಯಲು ಅಡ್ಡಿಯಿರಲಿಲ್ಲ. ಕೊನೆಗೆ ಆ ನೀಲಿಯೇ ಅವರ ಗುರುತಾಯಿತು. ಇನ್ನು ನಾವೆಲ್ಲ ತೊಡುವ ಜೀನ್ಸ್‌ನ ಜೇಬಿನ ಮೂಲೆಯಲ್ಲಿರುವ ತಾಮ್ರದ ಗುಂಡಿಯಂಥ ಮೊಳೆಯನ್ನೇ ನೋಡಿ. ಅಮೆರಿಕದ ರೀನೋ ಎಂಬ ಊರಿನ ದರ್ಜಿ ಜೇಕಬ್ ಡೇವಿಸ್, ಕುದುರೆಗೆ ಹೊದಿಸುವ ದಪ್ಪ ಬಟ್ಟೆಗೆ ಪಟ್ಟಿ ಜೋಡಿಸಲು ಬಳಸುತ್ತಿದ್ದ ಮೊಳೆಗಳನ್ನು, ಜೇಬು ಹರಿದುಹೋಗುತ್ತದೆಂದು ದೂರುತ್ತಿದ್ದ ಕೂಲಿಕಾರರ ಪ್ಯಾಂಟಿಗೆ ಬಡಿದ. 1873ರಲ್ಲಿ ಅವನೂ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್‌ನೂ ಸೇರಿ ಅದಕ್ಕೆ ಪೇಟೆಂಟ್ ಪಡೆದರು. ಕುದುರೆಯ ಮೈಮೇಲಿಂದ ಇಳಿದದ್ದು ಈಗ ಕಾಲೇಜು ಹುಡುಗರ ಸೊಂಟದಲ್ಲಿದೆ.

ನೀವು ಗಮನಿಸಬೇಕಾದದ್ದು ಏನೆಂದರೆ, ಈ ಮೂರು ಕಡೆಯೂ ಯಾರೂ ಅಂದಕ್ಕಾಗಿ ಹೊರಟವರಲ್ಲ. ಕೆಲಸಕ್ಕೊಂದು ಕಾರಣವಿತ್ತು, ಅಂದ ಅದರ ಬೆನ್ನಹಿಂದೆ ಬಂತು. ಸ್ಫೂರ್ತಿಯನ್ನು ಹುಡುಕುವಾಗ ‘ಇದು ಚೆನ್ನಾಗಿದೆಯೇ’ ಎಂದು ಕೇಳುವುದಕ್ಕಿಂತ ‘ಇದು ಹೀಗೇಕೆ ಇದೆ’ ಎಂದು ಕೇಳುವುದು ಲೇಸು ಎಂಬುದು ಇಷ್ಟು ವರ್ಷಗಳಲ್ಲಿ ನನಗೆ ಮನದಟ್ಟಾಗಿರುವ ಒಂದೇ ಸಂಗತಿ. ಮೊಬೈಲಿನಲ್ಲಿ ಕಂಡ ಬಟ್ಟೆಗೆ ಈ ಎರಡನೆಯ ಪ್ರಶ್ನೆಯನ್ನು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ನಿಮಗೆ ಎರವಲು ತಂದಂತೆ ಅನ್ನಿಸಿದ್ದು ಅದಕ್ಕೇ ಇರಬೇಕು.

ಈಗ ನಿಮ್ಮ ಟ್ರಂಕಿನ ಹತ್ತಿರ ಬರೋಣ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರೊಳಗೇ ಮಡಚಿಟ್ಟಂತಿದೆ. ಇಳಕಲ್ ಸೀರೆಯ ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿಯ ಆಕೃತಿಗಳ ಸಾಲುಗಳಿರುತ್ತವೆ. ನಾವು ಹುಟ್ಟಿದಾಗಿನಿಂದ ನೋಡಿ ನೋಡಿ, ನೋಡುವುದನ್ನೇ ಬಿಟ್ಟ ಆಕೃತಿಗಳು ಅವು. ಸಾಲು ಹಲ್ಲುಗಳಂತೆ ಕಾಣುವುದು ಹಣಿಗೆ. ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವುದು ಕೋಟೆಯ ಗೋಡೆಯ ಮೇಲಿನ ತೆನೆ. ಇನ್ನೊಂದು ಜೋಳದ ತೆನೆ, ಮತ್ತೊಂದು ಗುಡ್ಡದ ಸಾಲು. ಆ ನೇಕಾರರ ಕಣ್ಣ ಮುಂದೆ ಯಾವ ಫ್ಯಾಷನ್ ಪತ್ರಿಕೆಯೂ ಇರಲಿಲ್ಲ; ಮನೆಯ ಗೂಡಿನಲ್ಲಿದ್ದ ಹಣಿಗೆಯಿತ್ತು, ಹೊಲದಲ್ಲಿ ಜೋಳವಿತ್ತು, ಊರ ಹೊರಗೆ ಗುಡ್ಡವಿತ್ತು. ತಲೆ ಬಾಚುವ ಹಣಿಗೆಯನ್ನು ಮದುಮಗಳ ಸೆರಗಿಗೆ ಏರಿಸಬಹುದೆಂದು ಮೊದಲು ಹೊಳೆದವನ ಧೈರ್ಯವನ್ನು ಒಮ್ಮೆ ಯೋಚಿಸಿ. ಅನಿರೀಕ್ಷಿತ ಜಾಗದಲ್ಲಿ ಸ್ಫೂರ್ತಿ ಎಂದು ನಾವು ಇಂಗ್ಲಿಷ್ ಪತ್ರಿಕೆಗಳ ಧಾಟಿಯಲ್ಲಿ ಈಗ ಬರೆಯುವುದನ್ನು ನಿಮ್ಮ ಜಿಲ್ಲೆಯ ನೆರೆಯ ಮಗ್ಗಗಳು ಸದ್ದಿಲ್ಲದೆ ಮಾಡಿ ಮುಗಿಸಿವೆ. (ಸದ್ದಿಲ್ಲದೆ ಎಂದದ್ದು ತಪ್ಪಾಯಿತು, ಬೆಟಗೇರಿಯವರಿಗೆ ಮಗ್ಗದ ಸದ್ದನ್ನು ನಾನು ಹೇಳಿಕೊಡಬೇಕಿಲ್ಲ.)

ಅದೇ ಸೀರೆಯ ಮೇಲೆ ಕಸೂತಿ ಇದ್ದರೆ ಇನ್ನಷ್ಟು ಸಿಗುತ್ತದೆ. ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ, ಮಗುವಿನ ತೊಟ್ಟಿಲು, ಹೀಗೆ ಹೆಣ್ಣುಮಕ್ಕಳು ದಿನವೂ ಕಾಣುತ್ತಿದ್ದ ವಸ್ತುಗಳೇ ಅಲ್ಲಿ ಬಂದಿವೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸುತ್ತ ಸೂಜಿ ನಡೆಸುವುದು ಅದರ ಕ್ರಮ. ಗವಂತಿ, ಮುರ್ಗಿ ಎಂಬ ಹೊಲಿಗೆಗಳಲ್ಲಂತೂ ಗಂಟು ಕಾಣಿಸದೆ ಎರಡೂ ಮಗ್ಗಲು ಒಂದೇ ರೀತಿ ಮೂಡುತ್ತದೆ. ಹೋದ ದಾರಿಯಲ್ಲಿ ಒಂದು ಬಿಟ್ಟು ಒಂದು ಗೆರೆ ಹಾಕಿ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬಬೇಕು. ಹಾದಿ ತಪ್ಪಿದರೆ ಮರಳುವುದಕ್ಕೆ ಆಗುವುದಿಲ್ಲ. ಗಣಿತ ಕಲಿಸುವ ನಿಮಗೆ ಇದರ ಸೊಗಸು ನನಗಿಂತ ಚೆನ್ನಾಗಿ ತಿಳಿದೀತು. ನಿಮ್ಮ ಶೈಲಿಯ ಒಂದು ಎಳೆ ಇಲ್ಲಿಯೇ ಇದ್ದರೆ ಆಶ್ಚರ್ಯವಿಲ್ಲ: ಕರಿಹಲಗೆಯ ಮೇಲೆ ನೀವು ದಿನವೂ ಬರೆಯುವ ಯಾವುದೋ ಆಕೃತಿ, ಒಂದು ಸರಳ ಕುರ್ತಾದ ತೋಳಿನ ಅಂಚಿನಲ್ಲಿ, ಎಳೆ ಎಣಿಸಿ ಹಾಕಿದ ಹೊಲಿಗೆಯಾಗಿ ಬರಬಹುದಲ್ಲ.

ಬಣ್ಣದ ವಿಷಯ. ಯಾವ ಬಣ್ಣಕ್ಕೆ ಯಾವುದು ಹೊಂದುತ್ತದೆ ಎಂದು ಕಲಿಸುವ ಪಟ್ಟಿಗಳನ್ನು ನಮ್ಮ ಪತ್ರಿಕೆಯೂ ಅಚ್ಚು ಹಾಕಿದೆ. ನನಗೆ ಅವುಗಳಲ್ಲಿ ಹೆಚ್ಚು ನಂಬಿಕೆಯಿಲ್ಲ. ನಮ್ಮ ಭಾಷೆ ಬಣ್ಣಗಳನ್ನು ಕಲಿತದ್ದೇ ಸಂತೆಯಲ್ಲಿ ಮತ್ತು ಅಡುಗೆಮನೆಯಲ್ಲಿ. ನೇರಳೆ, ಕಿತ್ತಳೆ, ಗುಲಾಬಿ, ಬೂದಿಯಿಂದ ಬೂದು, ಗಿಳಿಹಸಿರು, ಈರುಳ್ಳಿ ಬಣ್ಣ, ದಾಳಿಂಬೆ ಕೆಂಪು, ಇವೆಲ್ಲ ಮೊದಲು ವಸ್ತುಗಳು, ಆಮೇಲೆ ಬಣ್ಣಗಳು. ಬದನೆಕಾಯಿಯ ತೊಟ್ಟಿನ ಹಸಿರು ಅದರ ಮೈಯ ನೇರಳೆಯ ಪಕ್ಕದಲ್ಲಿ ಎಷ್ಟು ಪ್ರಮಾಣದಲ್ಲಿದೆ ಎಂದು ಮುಂದಿನ ಸಲ ಸಂತೆಗೆ ಹೋದಾಗ ನೋಡಿ. ಎರಡೂ ಅರ್ಧರ್ಧ ಇದ್ದಿದ್ದರೆ ಕಣ್ಣು ಕುಕ್ಕುತ್ತಿತ್ತು.

ಬಣ್ಣದ ನಿಜವಾದ ಪಾಠಶಾಲೆ ಎಂದು ನಾನು ಕರೆಯುವುದು ಕೌದಿಯನ್ನು. ಹರಿದ ಸೀರೆ, ಹಳೆಯ ಧೋತರ, ಮಕ್ಕಳ ಅಂಗಿ, ದರ್ಜಿಯ ಅಂಗಡಿಯ ಚೂರು, ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ತುಂಡುಗಳು ಅಲ್ಲಿ ಒಟ್ಟಿಗೆ ಮಲಗಿರುತ್ತವೆ. ಇಷ್ಟೆಲ್ಲ ಗದ್ದಲವಿದ್ದರೂ ಕೌದಿ ಕಣ್ಣಿಗೆ ಹಿತವಾಗಿರುವುದು ಏಕೆ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಒಮ್ಮೆ ಮಧ್ಯಾಹ್ನದ ಬಿಸಿಲಿಗೆ ಗೋಡೆಯ ಮೇಲೆ ಒಣಹಾಕಿದ್ದನ್ನು ಹತ್ತಿರ ನಿಂತು ನೋಡಿದಾಗ ಗೊತ್ತಾಯಿತು: ಎಲ್ಲ ತುಂಡುಗಳ ಮೇಲೆಯೂ ಹಾಯ್ದು ಹೋಗುವ ದಾರದ ಹೊಲಿಗೆ ಒಂದೇ, ಅದರ ಅಂತರವೂ ಒಂದೇ. ಆ ಬಿಳಿಯ ಚುಕ್ಕೆಗಳ ಸಾಲು ಜಗಳವನ್ನೆಲ್ಲ ಹಿಡಿದು ಕೂರಿಸಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕೌದಿಗಳು ಇನ್ನೂ ದಿಟ್ಟ. ಅವರು ಅಂಚಿನಿಂದ ಹೊಲಿಯುತ್ತ ಒಳಕ್ಕೆ ಸಾಗುತ್ತಾರೆ, ಕೊನೆಗೆ ಮೂಲೆಗಳಲ್ಲಿ ತ್ರಿಕೋನವಾಗಿ ಮಡಚಿದ ‘ಫುಲ’ಗಳನ್ನು ಇಡುತ್ತಾರೆ, ಅದಿಲ್ಲದೆ ಕೌದಿ ಪೂರ್ತಿಯಾಯಿತೆಂದು ಒಪ್ಪುವುದಿಲ್ಲ. ಇದನ್ನು ನೀವು ಮೈಮೇಲೆ ತರುವುದು ಕೌದಿಯ ಬಟ್ಟೆಯಲ್ಲೇ ಜಾಕೆಟ್ ಹೊಲಿಸಿಕೊಳ್ಳುವುದರಿಂದ ಆಗಬೇಕಿಲ್ಲ, ಅದು ಈಗ ಅಂಗಡಿಗಳಲ್ಲಿ ಸಿದ್ಧವಾಗಿಯೇ ಸಿಗುತ್ತದೆ ಮತ್ತು ಎಲ್ಲರ ಮೇಲೂ ಒಂದೇ ತರಹ ಕಾಣುತ್ತದೆ. ನಿಮ್ಮ ಕಪಾಟಿನ ಬಟ್ಟೆಗಳು ಎಷ್ಟೇ ಬಗೆಯವಾಗಿದ್ದರೂ ಎಲ್ಲದರ ಮೇಲೆ ಹಾಯುವ ಆ ಒಂದು ದಾರ ನಿಮ್ಮಲ್ಲಿ ಯಾವುದು ಎಂದು ಕಂಡುಕೊಂಡರೆ ಸಾಕು. ಅದು ಒಂದೇ ಬಗೆಯ ಕಿವಿಯೋಲೆ ಆಗಿರಬಹುದು, ಖಣದ ರವಿಕೆ ಆಗಿರಬಹುದು. ಗುಳೇದಗುಡ್ಡದ ಖಣವನ್ನು ನಾವು ಉಡಿ ತುಂಬುವುದಕ್ಕೆ ಕೊಟ್ಟು ತೆಗೆದುಕೊಂಡು ಟ್ರಂಕಿನಲ್ಲೇ ಇಡುತ್ತೇವೆ. ನಿಮ್ಮ ಮನೆಯಲ್ಲೂ ಹಾಗೆ ಹತ್ತಾರು ಇರಬೇಕು.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಸೇರಿಸಬೇಕು. ಗಿಡಮರ ಬೆಳೆಸಿ ಹೆಸರಾದ, 2024ರಲ್ಲಿ ತೀರಿಕೊಂಡ, ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರು 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ತಮ್ಮ ಎಂದಿನ ಉಡುಗೆಯಲ್ಲಿ, ಕೊರಳ ತುಂಬ ಮಣಿಸರಗಳೊಂದಿಗೆ, ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಹಾಸಿನ ಮೇಲೆ ನಡೆದುಬಂದ ಚಿತ್ರವನ್ನು ನೀವೂ ನೋಡಿರುತ್ತೀರಿ. ಆ ಚಿತ್ರ ಬಂದ ಮೇಲೆ ಅಂಥದೇ ಮಣಿಸರಗಳ ‘ಲುಕ್’ ಮಾಡಿ ನಮ್ಮ ಪುಟಕ್ಕೆ ಹಾಕೋಣವೇ ಎಂಬ ಸಲಹೆ ನಮ್ಮ ಕಚೇರಿಯಲ್ಲಿ ಬಂದಿತ್ತು, ನಾನು ಬೇಡವೆಂದೆ. ಆ ಸರಗಳು ಆಕೆಯ ಜನರ ಗುರುತು. ಅವರ ಬದುಕನ್ನು ಬಿಟ್ಟು ಸರವನ್ನಷ್ಟೇ ಕಳಚಿ ತರುವುದು ನನಗೆ ಸರಿಯೆನ್ನಿಸಲಿಲ್ಲ. ಲಂಬಾಣಿ ಕಸೂತಿಯನ್ನು ಸಂಡೂರಿನ ಹೆಣ್ಣುಮಕ್ಕಳು ಮಾರಲೆಂದೇ ಹಾಕುತ್ತಾರೆ, ಅದನ್ನು ಅವರಿಂದ ಕೊಳ್ಳುವುದು ಬೇರೆ ಮಾತು. ತುಳಸಿ ಗೌಡರಿಂದ ತೆಗೆದುಕೊಳ್ಳುವುದಿದ್ದರೆ, ಎಲ್ಲಿಗೆ ಹೋದರೂ ತಾನು ದಿನವೂ ಉಡುತ್ತಿದ್ದುದನ್ನೇ ಉಟ್ಟು ಹೋಗುತ್ತಿದ್ದ ಆ ನಿರಾಳತೆಯನ್ನು ತೆಗೆದುಕೊಳ್ಳಬಹುದು.

ಇನ್ನು ನಿಮ್ಮ ದಿನಚರಿ. ಸೀಮೆಸುಣ್ಣದ ಪುಡಿ, ಬಸ್ಸಿನ ನೂಕು, ಕೈಯಲ್ಲಿ ಹಾಜರಿ ಪುಸ್ತಕ: ಇವು ಮೂರೂ ನಿಮ್ಮ ಶೈಲಿಗೆ ಅಡ್ಡಿಯೆಂಬಂತೆ ಪತ್ರದ ಉಳಿದ ಭಾಗದಲ್ಲಿ ಬರೆದಿದ್ದೀರಿ. ನನಗೆ ಇವು ಮೂರೂ ಕನಿಂಗ್‌ಹ್ಯಾಮರ ಕ್ಯಾಮೆರಾ ಇದ್ದಂತೆ ಕಾಣುತ್ತವೆ. ಪುಡಿ ಎದ್ದು ಕಾಣದ ತಿಳಿಬೂದು ಅಥವಾ ಗೋಧಿ ಬಣ್ಣ, ಕಂಬಿ ಹಿಡಿದು ನಿಂತಾಗ ಜಾರದ ಮುಕ್ಕಾಲು ತೋಳು, ಸೀಮೆಸುಣ್ಣ ಮತ್ತು ಬಸ್ ಪಾಸಿಗೆ ಬಲಮಗ್ಗುಲಲ್ಲಿ ಒಂದು ಆಳವಾದ ಜೇಬು. ಹೆಂಗಸರ ಬಟ್ಟೆಗೆ ಜೇಬು ಇಡಲು ನಮ್ಮ ದರ್ಜಿಗಳು ಏಕೆ ಗೊಣಗುತ್ತಾರೋ ತಿಳಿಯದು. ಗೊಣಗಲಿ, ನೀವು ಬಿಡಬೇಡಿ.

ಅಜ್ಜಿಯ ಸೀರೆಗೆ ನನ್ನ ಸಲಹೆ ಇದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಂದೊಂದೇ ಎಳೆಯನ್ನು ಕೊಂಡಿ ಹಾಕಿ ಜೋಡಿಸಿ ಮುಂದೆ ನೇಯುತ್ತಾರೆ. ಆ ಕೊಂಡಿಯ ಗೆರೆಯೇ ಈ ಸೀರೆಯ ಜಾಣ್ಮೆ. ಆದ್ದರಿಂದ ಕತ್ತರಿಸುವುದೇ ಆದರೆ ಸೆರಗಿನ ಬುಡಕ್ಕೆ ಕತ್ತರಿ ಹಾಕದೆ, ಒಡಲಿನ ಕಡೆಗೆ ಒಂದು ಗೇಣು ಬಿಟ್ಟು ಕತ್ತರಿಸಿ, ಕೊಂಡಿ ಹಾಗೆಯೇ ಉಳಿಯಲಿ. ಅದಕ್ಕೆ ಹಿಂದಿನಿಂದ ತೆಳು ಹತ್ತಿಯ ಅಸ್ತರು ಕೊಟ್ಟು ಮೇಲುಹೊದಿಕೆ ಮಾಡಿಕೊಳ್ಳಿ. ಚೂರು ಚೂರು ಮಾಡಿ ಪರ್ಸು ಹೊಲಿಸಬೇಡಿ. ಹರಿದ ಒಡಲು ತೊಳೆದು ತೊಳೆದು ಮೆತ್ತಗಾಗಿರುತ್ತದೆ, ಕೌದಿಯ ಒಳಪದರಕ್ಕೆ ಅದಕ್ಕಿಂತ ಒಳ್ಳೆಯ ಬಟ್ಟೆಯಿಲ್ಲ. ಕತ್ತರಿ ಹಾಕುವ ಮುನ್ನ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಮೇಲಿರುವುದು ಹಣಿಗೆಯೋ, ಕೋಟೆಯ ತೆನೆಯೋ, ಜೋಳದ ತೆನೆಯೋ ನೋಡಿ ನಮಗೊಂದು ಸಾಲು ಬರೆಯಿರಿ. ಮುಂದಿನ ಸಂಚಿಕೆಯ ಉಡುಪಿನ ಪುಟದಲ್ಲಿ ಬೆಲೆಯ ಪಟ್ಟಿಯ ಜಾಗವನ್ನು ಅದಕ್ಕಾಗಿ ಖಾಲಿ ಇಟ್ಟಿರುತ್ತೇವೆ.

— ಸಂಪಾದಕ